ಬ್ಯಾಟರಿಯ ಕಿರು ಚೈನ್ ಗರಗಸ: ಒಂದು ವಿಮರ್ಶೆ

ಅಂಗಳದ ಸೀಬೆ, ಶಾಲಾ ಕೈತೋಟದ ಗೊಬ್ಬರಗಿಡ, ತೋಟದಂಚಿನ ಬೇವು ಮೊದಲಾದ ಮರಗಳ ಕೊಂಬೆ ಸವರಲು ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಇಂದಿಗೂ ಮಚ್ಚು ಮತ್ತು ಕತ್ತಿ. ಮಲೆನಾಡಿನ ಕಾಫಿ ತೋಟಗಳಲ್ಲಿ ನೆರಳಿನ ಮರ ಸವರುವುದಕ್ಕೆ ಮರಗಸಿ ಎಂದೂ, ಉತ್ತರ ಕರ್ನಾಟಕದಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವುದಕ್ಕೆ ಚಾಟನಿ ಎಂದೂ ಪ್ರತ್ಯೇಕ ಹೆಸರುಗಳೇ ಇವೆ. ಕೊಂಬೆ ಸವರುವ ಕೆಲಸಕ್ಕೆಂದೇ ಕಳೆದ ಕೆಲವು ವರ್ಷಗಳಿಂದ ಹೊಸ ಸಾಧನವೊಂದು ಪೇಟೆಗೆ ಬಂದಿದೆ. ಅದು ಒಂದು ಕೈಯಲ್ಲಿ ಹಿಡಿಯಬಹುದಾದ, ಬ್ಯಾಟರಿಯಿಂದ ಓಡುವ ಕಿರು ಚೈನ್ ಗರಗಸ. ಇದರಲ್ಲಿ ಸರಪಳಿ ಓಡುವ ಉಕ್ಕಿನ ಪಟ್ಟಿಯ, ಅಂದರೆ ಬಾರ್‌ನ, ಉದ್ದ ಸಾಮಾನ್ಯವಾಗಿ 10ರಿಂದ 20 ಸೆಂಟಿಮೀಟರ್. ತೂಕ ಒಂದೆರಡು ಕಿಲೋಗ್ರಾಮ್.

ಸಾಧನ ಉಪಯುಕ್ತವೇ? ಹೌದು, ಒಂದು ಮಿತಿಯೊಳಗೆ. ಆದರೆ ಆ ಮಿತಿ ಯಾವುದು ಎಂಬುದು ಡಬ್ಬಿಯ ಮೇಲಿನ ಬರಹದಿಂದ ತಿಳಿಯುವುದಿಲ್ಲ. ವೋಲ್ಟ್, ನಿಮಿಷ, ಕೊಂಬೆಗಳ ಸಂಖ್ಯೆ ಎಲ್ಲವೂ ಅಲ್ಲಿವೆ. ಪ್ರೌಢಶಾಲೆಯ ಭೌತವಿಜ್ಞಾನವನ್ನು ಬಳಸಿ ಅವನ್ನು ಪರಿಶೀಲಿಸಿದರೆ ಕೆಲವು ಅರ್ಥಹೀನವೆಂದೂ, ಇನ್ನು ಕೆಲವು ದಾರಿ ತಪ್ಪಿಸುತ್ತವೆಂದೂ ಗೊತ್ತಾಗುತ್ತದೆ. ಇದು ಕೇವಲ ಹಣದ ಪ್ರಶ್ನೆಯಲ್ಲ. ಸಾಧನದ ಒಂದು ತುದಿಯಲ್ಲಿ ಬಳಸುವವನ ಕೈಯಿದೆ, ಇನ್ನೊಂದು ತುದಿಯಲ್ಲಿ ಮರವಿದೆ. ಎರಡಕ್ಕೂ ಆಗುವ ಗಾಯ ಸುಲಭವಾಗಿ ಮಾಯುವಂಥದಲ್ಲ.

ಒಳಗೇನಿದೆ?

ಚೈನ್ ಗರಗಸ ಹೊಸದೇನಲ್ಲ. 1926ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ರೂಪಿಸಿದ ವಿದ್ಯುತ್ ಚೈನ್ ಗರಗಸವನ್ನು ಹಿಡಿದು ನಡೆಸಲು ಇಬ್ಬರು ಬೇಕಾಗುತ್ತಿತ್ತು. ಸರಪಳಿಯ ಹಲ್ಲಿನ ಈಗಿನ ಆಕಾರಕ್ಕೆ ಒಂದು ಹುಳು ಪ್ರೇರಣೆ ಎಂಬುದು ಸ್ವಾರಸ್ಯದ ಸಂಗತಿ. ಅಮೆರಿಕದ ಮರ ಕಡಿಯುವ ಕೆಲಸಗಾರ ಜೋಸೆಫ್ ಕಾಕ್ಸ್ 1946ರಲ್ಲಿ ದುಂಬಿಯ ಮರಿಹುಳುವೊಂದು ಮರವನ್ನು ಎಡಕ್ಕೂ ಬಲಕ್ಕೂ ಕೆರೆಯುತ್ತ ಸಾಗುವುದನ್ನು ಗಮನಿಸಿದ. ಅದರ ದವಡೆಯನ್ನು ಹೋಲುವ ಬಾಗಿದ ಹಲ್ಲುಗಳನ್ನು ಎಡಬಲವಾಗಿ ಜೋಡಿಸಿ ಹೊಸ ಸರಪಳಿ ತಯಾರಿಸಿದ. ಇಂದಿನ ಕಿರು ಗರಗಸದಲ್ಲಿರುವುದೂ ಆ ಕುಲದ ಸರಪಳಿಯೇ.

ಹೊಸತಾಗಿರುವುದು ಅದನ್ನು ಓಡಿಸುವ ಭಾಗ. 1980ರ ದಶಕದಲ್ಲಿ ಬಂದ ನಿಯೋಡಿಮಿಯಮ್ ಆಯಸ್ಕಾಂತ ಮೋಟಾರನ್ನು ಚಿಕ್ಕದಾಗಿಸಿತು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಮ್ ಅಯಾನ್ ಕೋಶ ಬ್ಯಾಟರಿಯನ್ನು ಹಗುರಗೊಳಿಸಿತು. ಈ ಕೋಶದ ಬೆಳವಣಿಗೆಗೆ ಕಾರಣರಾದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ 2019ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಇವೆರಡೂ ಸೇರಿ, ಹಿಂದೆ ಇಬ್ಬರು ಹೊರುತ್ತಿದ್ದ ಯಂತ್ರವನ್ನು ಒಂದು ಹಿಡಿಯೊಳಗೆ ತಂದಿವೆ.

ಲೆಕ್ಕಕ್ಕೆ ಒಂದು ಮಾದರಿ ಇರಲಿ. ಸ್ಟಿಲ್ ಸಂಸ್ಥೆಯದೇ ಜಿಟಿಎ 26 ಎಂಬ ಕಿರು ಗರಗಸದ ಬಾರ್ 10 ಸೆಂಟಿಮೀಟರ್, ಬ್ಯಾಟರಿ 10.8 ವೋಲ್ಟ್, 28 ವ್ಯಾಟ್-ಅವರ್. ಸರಪಳಿಯ ವೇಗ ಸೆಕೆಂಡಿಗೆ 8 ಮೀಟರ್. ಇಲ್ಲಿ ಮೆಚ್ಚಬೇಕಾದ ಅಂಶವೆಂದರೆ ತಯಾರಕರು ಬ್ಯಾಟರಿಯ ಶಕ್ತಿಯನ್ನು ವ್ಯಾಟ್-ಅವರ್‌ನಲ್ಲಿ ನೇರವಾಗಿ ಕೊಟ್ಟಿರುವುದು. ಹೀಗೆ ಕೊಟ್ಟರೆ ಮಾತ್ರ ಒಂದು ಸಾಧನವನ್ನು ಮತ್ತೊಂದರೊಡನೆ ಹೋಲಿಸಲು ಸಾಧ್ಯ.

ವೋಲ್ಟಿನ ಗೊಂದಲ

ಅಗ್ಗದ ಮಾದರಿಗಳ ಮೇಲೆ ಎದ್ದು ಕಾಣುವುದು ವೋಲ್ಟ್. 12, 20, 21, 24 ಎಂದು ಏರುತ್ತ ಹೋಗಿ ಕೆಲವು ಡಬ್ಬಿಗಳ ಮೇಲೆ '48 ವಿಎಫ್', '88 ವಿಎಫ್' ಎಂಬ ಗುರುತುಗಳೂ ಇರುತ್ತವೆ. ವಿಎಫ್ ಎಂಬ ಮೂಲಮಾನ ಯಾವ ಭೌತವಿಜ್ಞಾನದ ಪುಸ್ತಕದಲ್ಲಿಯೂ ಇಲ್ಲ!

ನಿಜಸ್ಥಿತಿ ಸರಳವಾಗಿದೆ. ಇಂಥ ಬ್ಯಾಟರಿಗಳಲ್ಲಿರುವ ಒಂದು ಲಿಥಿಯಮ್ ಅಯಾನ್ ಕೋಶದ ಸರಾಸರಿ ವಿಭವಾಂತರ 3.6 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ಮೂರು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ 10.8 ವೋಲ್ಟ್, ತುಂಬಿದಾಗ 12.6. ಐದನ್ನು ಜೋಡಿಸಿದರೆ 18 ವೋಲ್ಟ್, ತುಂಬಿದಾಗ 21. ಹಾಗಾಗಿ '18 ವೋಲ್ಟ್', '20 ವೋಲ್ಟ್', '21 ವೋಲ್ಟ್' ಎಂದು ಬರೆದ ಮೂರು ಬ್ಯಾಟರಿಗಳ ಒಳಗೂ ಅದೇ ಐದು ಕೋಶಗಳ ಸರಣಿ ಇರಬಹುದು. ಒಬ್ಬರು ಸರಾಸರಿಯನ್ನು ಹೇಳುತ್ತಾರೆ, ಇನ್ನೊಬ್ಬರು ಗರಿಷ್ಠವನ್ನು ಹೇಳುತ್ತಾರೆ, ಅಷ್ಟೆ.

'48' ಎಂದು ಬರೆದದ್ದು ನಿಜವಾಗಿ 48 ವೋಲ್ಟೇ ಎಂದು ತಿಳಿಯಲು ಬ್ಯಾಟರಿಯನ್ನು ಬಿಚ್ಚಬೇಕಿಲ್ಲ, ಬಿಚ್ಚಲೂ ಬಾರದು. ಚಾರ್ಜರಿನ ಮೇಲಿನ ಚೀಟಿ ಓದಿದರೆ ಸಾಕು. ಚಾರ್ಜರ್ ಹೊರಗೆಡಹುವ ವಿಭವಾಂತರವನ್ನು 4.2ರಿಂದ ಭಾಗಿಸಿದರೆ ಸರಣಿಯಲ್ಲಿರುವ ಕೋಶಗಳ ಸಂಖ್ಯೆ ಸಿಗುತ್ತದೆ. 48 ವೋಲ್ಟಿನ ಬ್ಯಾಟರಿಗೆ 13 ಕೋಶಗಳ ಸರಣಿ ಬೇಕು. ಅದರ ಚಾರ್ಜರ್ 54 ವೋಲ್ಟಿನ ಆಸುಪಾಸಿನಲ್ಲಿರಬೇಕು. ಚಾರ್ಜರಿನ ಮೇಲೆ 21 ವೋಲ್ಟ್ ಎಂದಿದ್ದರೆ ಡಬ್ಬಿಯ ಮೇಲಿನ ಸಂಖ್ಯೆ ಬರೀ ಅಲಂಕಾರ.

ಅದಕ್ಕಿಂತ ಮುಖ್ಯವಾದ ಮಾತೆಂದರೆ, ವೋಲ್ಟ್ ಶಕ್ತಿಯ ಅಳತೆಯೇ ಅಲ್ಲ. ನೀರಿನ ತೊಟ್ಟಿ ಎಷ್ಟು ಎತ್ತರದಲ್ಲಿದೆ ಎಂದು ಹೇಳಿದರೆ ತೊಟ್ಟಿಯಲ್ಲಿ ಎಷ್ಟು ನೀರಿದೆ ಎಂದು ತಿಳಿಯುವುದಿಲ್ಲ. ವೋಲ್ಟನ್ನು ಆಂಪೇರ್-ಅವರ್‌ನಿಂದ ಗುಣಿಸಿದಾಗ ಬರುವ ವ್ಯಾಟ್-ಅವರ್ ನಮಗೆ ಬೇಕಾದ ಅಳತೆ. ಸರಾಸರಿ 18 ವೋಲ್ಟಿನ, 1.5 ಆಂಪೇರ್-ಅವರ್‌ನ ಬ್ಯಾಟರಿಯಲ್ಲಿ 27 ವ್ಯಾಟ್-ಅವರ್ ಶಕ್ತಿಯಿದೆ. ಮೇಲೆ ಹೇಳಿದ 10.8 ವೋಲ್ಟಿನ ಮಾದರಿಯಲ್ಲಿ 28 ಇದೆ. ವೋಲ್ಟಿನಲ್ಲಿ 'ದೊಡ್ಡದು' ಎನಿಸಿದ್ದು ಶಕ್ತಿಯಲ್ಲಿ ಒಂದು ಗುಂಜಿ ಕಡಿಮೆಯೇ!

ಒಂದು ಚಾರ್ಜಿಗೆ ಎಷ್ಟು ಕೊಂಬೆ?

28 ವ್ಯಾಟ್-ಅವರ್ ಎಂದರೆ ಸುಮಾರು 1 ಲಕ್ಷ ಜೂಲ್. ಕೇಳಲು ದೊಡ್ಡ ಸಂಖ್ಯೆ. ಆದರೆ ಇದೇ ಕೆಲಸವನ್ನು ಪೆಟ್ರೋಲ್ ಎಂಜಿನ್ನಿನಿಂದ ಪಡೆಯಲು ಎಷ್ಟು ಇಂಧನ ಬೇಕು? ವಿದ್ಯುತ್ ಮೋಟಾರಿನ ದಕ್ಷತೆ ಶೇ. 75, ಸಣ್ಣ ಎಂಜಿನ್ನಿನದು ಶೇ. 20 ಎಂದಿಟ್ಟುಕೊಂಡರೆ ಕೇವಲ 11 ಮಿಲಿಲೀಟರ್, ಅಂದರೆ ಚಹಾ ಚಮಚದಲ್ಲಿ ಎರಡು ಚಮಚ ಪೆಟ್ರೋಲ್ ಸಾಕು. ಬ್ಯಾಟರಿ ಗರಗಸ ದೊಡ್ಡ ಕೆಲಸಕ್ಕೆ ಏಕೆ ಒದಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಹೊಗೆಯಿಲ್ಲ, ಗದ್ದಲ ಕಡಿಮೆ, ಹಗ್ಗ ಎಳೆದು ಚಾಲೂ ಮಾಡುವ ಪಾಡಿಲ್ಲ ಎಂಬ ಅನುಕೂಲಗಳು ನಿಜವೇ. ಅವುಗಳ ಬೆಲೆಯನ್ನು ಶಕ್ತಿಯ ರೂಪದಲ್ಲಿ ತೆರುತ್ತೇವೆ.

ಈಗ ಜಾಹೀರಾತಿನ ಮಾತಿಗೆ ಬರೋಣ. 28 ವ್ಯಾಟ್-ಅವರ್‌ನ ಸಾಧನ '25 ನಿಮಿಷ ಓಡುತ್ತದೆ' ಎಂದಿದ್ದರೆ 1 ಲಕ್ಷ ಜೂಲನ್ನು 1500 ಸೆಕೆಂಡಿನಿಂದ ಭಾಗಿಸಿ. ಸರಾಸರಿ ಸಾಮರ್ಥ್ಯ ಸುಮಾರು 67 ವ್ಯಾಟ್ ಬರುತ್ತದೆ. ಮರ ಕೊಯ್ಯುವಾಗ ಮೋಟಾರು 300 ವ್ಯಾಟ್ ಎಳೆಯುತ್ತದೆ ಎಂದುಕೊಂಡರೆ ಬ್ಯಾಟರಿ ಐದೂವರೆ ನಿಮಿಷದಲ್ಲಿ ಬರಿದಾಗುತ್ತದೆ. ಅಂದರೆ 25 ನಿಮಿಷವೆಂಬುದು ಹೆಚ್ಚಿನ ಪಾಲು ಗಾಳಿಯಲ್ಲಿ ಸರಪಳಿ ತಿರುಗಿಸಿದ ಅವಧಿ. ಗಾಳಿ ಕೊಯ್ಯಲು ಗರಗಸ ಬೇಕಿಲ್ಲ.

'ಒಂದು ಚಾರ್ಜಿಗೆ ಇಷ್ಟು ಕೊಂಬೆ' ಎಂಬ ಮಾತು ಇನ್ನೂ ಜಾಣತನದ್ದು. ಕೊಯ್ತಕ್ಕೆ ಬೇಕಾಗುವ ಶಕ್ತಿ ಕೊಯ್ದ ಮುಖದ ವಿಸ್ತೀರ್ಣವನ್ನು, ಅಂದರೆ ಕೊಂಬೆಯ ವ್ಯಾಸದ ವರ್ಗವನ್ನು ಅವಲಂಬಿಸುತ್ತದೆ. 5 ಸೆಂಟಿಮೀಟರ್ ವ್ಯಾಸದ ಕೊಂಬೆಗೆ 300 ವ್ಯಾಟ್‌ನಂತೆ 5 ಸೆಕೆಂಡು, ಅಂದರೆ 1500 ಜೂಲ್ ಹಿಡಿಯಿತೆನ್ನೋಣ. ಒಂದು ಚಾರ್ಜಿಗೆ ಸುಮಾರು 67 ಕೊಂಬೆಗಳಾದವು. ವ್ಯಾಸ ಅದರ ಅರ್ಧ, 2.5 ಸೆಂಟಿಮೀಟರ್ ಇದ್ದರೆ ಸಂಖ್ಯೆ ನಾಲ್ಕು ಪಟ್ಟಾಗಿ 270ರ ಹತ್ತಿರ ಹೋಗುತ್ತದೆ. 7.5 ಸೆಂಟಿಮೀಟರ್ ಇದ್ದರೆ 30ಕ್ಕೆ ಇಳಿಯುತ್ತದೆ. ಒಂದೇ ಸಾಧನ, ಒಂದೇ ಚಾರ್ಜ್, ಸಂಖ್ಯೆಯಲ್ಲಿ ಒಂಬತ್ತು ಪಟ್ಟು ಅಂತರ. ಹಸಿಯೋ ಒಣಗಿದ್ದೋ, ನುಗ್ಗೆಯಂಥ ಮೆದು ಮರವೋ ಹುಣಿಸೆಯಂಥ ಗಟ್ಟಿ ಮರವೋ ಎಂಬುದನ್ನು ಇನ್ನೂ ಸೇರಿಸಿಲ್ಲ. ವ್ಯಾಸವನ್ನೂ ಮರವನ್ನೂ ಹೇಳದೆ ಕೊಂಬೆಗಳ ಎಣಿಕೆಯನ್ನಷ್ಟೇ ಕೊಟ್ಟರೆ ಅದು ಮಾಹಿತಿ ಎನಿಸಿಕೊಳ್ಳದು.

ಬ್ಯಾಟರಿಯ ಮೇಲಿನ ಹೊರೆಯನ್ನೂ ಗಮನಿಸಬೇಕು. 18 ವೋಲ್ಟಿನಿಂದ 300 ವ್ಯಾಟ್ ಪಡೆಯಲು ಸುಮಾರು 17 ಆಂಪೇರ್ ವಿದ್ಯುತ್ ಪ್ರವಾಹ ಬೇಕು. ಐದು ಕೋಶಗಳ ಒಟ್ಟು ಆಂತರಿಕ ರೋಧ 0.15 ಓಮ್ ಎಂದಿಟ್ಟುಕೊಂಡರೆ, ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಾಗ 43 ವ್ಯಾಟ್ ಬರುತ್ತದೆ. ಅಷ್ಟೂ ಬ್ಯಾಟರಿಯೊಳಗೇ ಶಾಖವಾಗುತ್ತದೆ. ಸರಪಳಿ ಮೊಂಡಾಗಿ, ನಾವು ಬಲವಾಗಿ ಒತ್ತತೊಡಗಿದರೆ ಪ್ರವಾಹ ಹೆಚ್ಚುತ್ತದೆ. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಬೇಸಗೆಯ ಬಿಸಿಲಿನಲ್ಲಿ ಬ್ಯಾಟರಿ ಬೇಗ ಕೆಡುವುದಕ್ಕೆ ಇದೂ ಒಂದು ಕಾರಣ. ಬಿಸಿಯಾದ ಬ್ಯಾಟರಿಯನ್ನು ತಣಿಯಲು ಬಿಟ್ಟು ಆಮೇಲೆ ಚಾರ್ಜ್ ಮಾಡಬೇಕು. ಬಹುಕಾಲ ಬಳಸದೆ ಇಡುವಾಗ ಅರ್ಧ ಚಾರ್ಜಿನಲ್ಲಿ ತಂಪಾದ ಕಡೆ ಇಡಬೇಕು.

ಪುಟ್ಟದೆಂದರೆ ಅಪಾಯವಿಲ್ಲವೆ?

ಈ ಸಾಧನದ ಮಾರಾಟದ ಮುಖ್ಯ ಘೋಷಣೆ 'ಒಂದೇ ಕೈಯಲ್ಲಿ ಬಳಸಿ' ಎಂಬುದು. ನನ್ನ ದೊಡ್ಡ ಆಕ್ಷೇಪಣೆ ಇರುವುದೂ ಇದರ ಬಗ್ಗೆಯೇ. ಒಂದು ಕೈ ಗರಗಸ ಹಿಡಿದಾಗ ಇನ್ನೊಂದು ಕೈ ಸುಮ್ಮನಿರುವುದಿಲ್ಲ. ತಾನಾಗಿ ಕೊಂಬೆಯನ್ನು ಹಿಡಿಯಲು ಹೋಗುತ್ತದೆ. ಬಾರ್ 10 ಸೆಂಟಿಮೀಟರ್ ಮಾತ್ರ ಇರುವುದರಿಂದ ಆ ಕೈಗೂ ಸರಪಳಿಗೂ ನಡುವಿನ ಅಂತರ ಗೇಣಿಗಿಂತ ಕಡಿಮೆ.

ಸರಪಳಿ ಎಷ್ಟು ವೇಗವಾಗಿ ಓಡುತ್ತದೆ ನೋಡೋಣ. ಮೇಲಿನ ಮಾದರಿಯಂಥ ಗರಗಸದ ಸರಪಳಿಯ ಸುತ್ತಳತೆ ಸುಮಾರು 36 ಸೆಂಟಿಮೀಟರ್. ಅದರಲ್ಲಿ 14 ಕೊಯ್ಯುವ ಹಲ್ಲುಗಳಿವೆ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಸರಪಳಿ ಸೆಕೆಂಡಿಗೆ 22 ಸುತ್ತಿಗಿಂತ ಹೆಚ್ಚು ಸುತ್ತುತ್ತದೆ. ಒಂದು ಬಿಂದುವನ್ನು 300ಕ್ಕೂ ಹೆಚ್ಚು ಹಲ್ಲುಗಳು ಹಾಯುತ್ತವೆ. ನೋವು ಅರಿವಾಗಿ ಮನುಷ್ಯ ಪ್ರತಿಕ್ರಿಯಿಸಲು 0.2 ಸೆಕೆಂಡು ಬೇಕೆಂದರೂ ಆ ಹೊತ್ತಿಗೆ 60 ಹಲ್ಲುಗಳು ದಾಟಿರುತ್ತವೆ. ಹಸಿ ಮರವನ್ನು ಕೊಯ್ಯುವ ಹಲ್ಲಿಗೆ ಬೆರಳು ಯಾವ ಲೆಕ್ಕ? ಸಾಮಾನ್ಯ ಚರ್ಮದ ಕೈಚೀಲ ಅದನ್ನು ತಡೆಯಲಾರದು.

'ಚಿಕ್ಕ ಗರಗಸದಲ್ಲಿ ಹಿಂಪುಟಿತವಿಲ್ಲ' ಎಂಬ ಇನ್ನೊಂದು ನಂಬಿಕೆಯಿದೆ. ಬಾರ್‌ನ ಮೂತಿಯ ಮೇಲ್ಭಾಗದಲ್ಲಿ ಹಲ್ಲುಗಳು ಮುಂದಕ್ಕೂ ಕೆಳಕ್ಕೂ ಚಲಿಸುತ್ತಿರುತ್ತವೆ. ಆ ಭಾಗ ಗಟ್ಟಿ ಮರಕ್ಕೆ ತಗುಲಿದರೆ ನ್ಯೂಟನ್ನನ ಮೂರನೆಯ ನಿಯಮದಂತೆ ಬಾರ್ ಮೇಲಕ್ಕೂ ಹಿಂದಕ್ಕೂ, ಅಂದರೆ ಹಿಡಿದವನ ಕಡೆಗೆ, ಚಿಮ್ಮುತ್ತದೆ. ಕಿಕ್‌ಬ್ಯಾಕ್ ಎನ್ನುವುದು ಇದನ್ನೇ. ಚಿಕ್ಕ ಗರಗಸದ ಪರವಾಗಿ ಹೇಳಬಹುದಾದದ್ದು ಇದು: ಸರಪಳಿಯ ದ್ರವ್ಯರಾಶಿ 50 ಗ್ರಾಂ ಎಂದುಕೊಂಡರೆ 8 ಮೀಟರ್ ವೇಗದಲ್ಲಿ ಅದರ ಚಲನಶಕ್ತಿ 1.6 ಜೂಲ್ ಮಾತ್ರ. 300 ಗ್ರಾಂ ಸರಪಳಿಯನ್ನು 20 ಮೀಟರ್ ವೇಗದಲ್ಲಿ ಓಡಿಸುವ ಪೆಟ್ರೋಲ್ ಗರಗಸದಲ್ಲಿ ಅದು 60 ಜೂಲ್. ವ್ಯತ್ಯಾಸ ದೊಡ್ಡದೇ.

ಆದರೆ ಲೆಕ್ಕವನ್ನು ಅಲ್ಲಿಗೆ ನಿಲ್ಲಿಸುವಂತಿಲ್ಲ. ಚಿಮ್ಮುವ ವೇಗವನ್ನು ನಿರ್ಧರಿಸುವುದು ಗರಗಸದ ಜಡತ್ವದ ಮಹತ್ವ ಕೂಡ. ಭಾರವಾದ, ಉದ್ದನೆಯ ಯಂತ್ರ ಸುಲಭವಾಗಿ ತಿರುಗದು. ಒಂದೂವರೆ ಕಿಲೋಗ್ರಾಮಿನ ಗಿಡ್ಡ ಯಂತ್ರ ಸಣ್ಣ ತಳ್ಳುವಿಕೆಗೂ ತಿರುಗುತ್ತದೆ. ಒಂದೇ ಕೈಯಲ್ಲಿ ಹಿಡಿದಿದ್ದರೆ ಅದನ್ನು ತಡೆಯುವ ಟಾರ್ಕ್ ಮಣಿಕಟ್ಟಿನದು ಮಾತ್ರ. ಜೊತೆಗೆ, ಗಿಡ್ಡ ಬಾರ್‌ನಲ್ಲಿ ಮೂತಿ ಸದಾ ಕೆಲಸದ ಹತ್ತಿರವೇ ಇರುವುದರಿಂದ ಪಕ್ಕದ ರೆಂಬೆಗೆ ತಗುಲುವ ಸಂಭವ ಹೆಚ್ಚು. ದೊಡ್ಡ ಗರಗಸಗಳಲ್ಲಿ ಹಿಂಪುಟಿತವಾದಾಗ ಸರಪಳಿಯನ್ನು ಕ್ಷಣದಲ್ಲಿ ನಿಲ್ಲಿಸುವ ಚೈನ್ ಬ್ರೇಕ್ ಇರುತ್ತದೆ; ಅಗ್ಗದ ಕಿರು ಮಾದರಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ 'ಪುಟ್ಟದು, ಆದ್ದರಿಂದ ನಿರಪಾಯ' ಎಂಬ ತರ್ಕ ಭೌತವಿಜ್ಞಾನದ ಮುಂದೆ ನಿಲ್ಲುವುದಿಲ್ಲ. ಪೆಟ್ಟು ಚಿಕ್ಕದಿರಬಹುದು, ಪೆಟ್ಟಾಗುವ ಸಂದರ್ಭಗಳು ಹೆಚ್ಚು.

ಏಣಿಯ ಮಾತನ್ನೂ ಹೇಳಬೇಕು. ಸಾಧನ ಹಗುರವಾದಷ್ಟೂ ಅದನ್ನು ಹಿಡಿದು ಮೇಲೇರುವ ಆಸೆ ಹೆಚ್ಚು. ಬ್ಯಾಟರಿಯ 21 ವೋಲ್ಟಿನಿಂದ ಆಘಾತವಾಗದು ನಿಜ. ಆದರೆ ಮರದ ನಡುವೆ ಹಾದುಹೋದ ವಿದ್ಯುತ್ ತಂತಿಗೆ ಹಸಿ ಕೊಂಬೆಯೋ ಅಲ್ಯುಮಿನಿಯಮ್ ಏಣಿಯೋ ತಗುಲಿದರೆ ಆಗುವ ಅನಾಹುತವೇ ಬೇರೆ. ಅಂಥ ಕೊಂಬೆಗಳನ್ನು ವಿದ್ಯುತ್ ಸರಬರಾಜು ಕಂಪನಿಯವರಿಗೆ ತಿಳಿಸಿ ತೆಗೆಸಬೇಕೇ ಹೊರತು ನಾವು ಮುಟ್ಟಬಾರದು.

ಮರದ ಕಡೆಯಿಂದ ನೋಡಿದರೆ

ಮಚ್ಚಿನ ಏಟಿಗಿಂತ ಗರಗಸದ ಕೊಯ್ತ ಮರಕ್ಕೆ ಒಳ್ಳೆಯದು. ಮಚ್ಚು ಬುಡವನ್ನು ಸೀಳಿ ಜರ್ಜರಿತಗೊಳಿಸುತ್ತದೆ. ಈ ಅರ್ಥದಲ್ಲಿ ಕಿರು ಗರಗಸ ಸ್ವಾಗತಾರ್ಹ. ಆದರೆ ಎಲ್ಲಿ ಕೊಯ್ಯಬೇಕು ಎಂಬುದು ತಿಳಿದಿರಬೇಕು.

ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶಿಗೊ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ಗಾಯಗಳು ಒಳಗೆ ಏನಾಗುತ್ತವೆ ಎಂದು ಅಧ್ಯಯನ ಮಾಡಿದರು. ಮರ ನಮ್ಮ ಚರ್ಮದಂತೆ ಗಾಯವನ್ನು ಮಾಯಿಸುವುದಿಲ್ಲ, ಕೊಳೆತ ಹರಡದಂತೆ ಸುತ್ತ ಗೋಡೆ ಕಟ್ಟಿ ಅದನ್ನು ಪ್ರತ್ಯೇಕಿಸುತ್ತದೆ ಎಂಬ ತತ್ವವನ್ನು 1977ರ ಪ್ರಕಟಣೆಯಲ್ಲಿ ವಿವರಿಸಿದರು. ಈ ರಕ್ಷಣೆಗೆ ಮುಖ್ಯವಾದದ್ದು ಕೊಂಬೆ ಕಾಂಡವನ್ನು ಸೇರುವಲ್ಲಿ ಕಾಣುವ ಉಬ್ಬಿದ ಕೊರಳು. ಕಾಂಡಕ್ಕೆ ಸಮನಾಗಿ ನುಣ್ಣಗೆ ಕೊಯ್ದರೆ ನೋಡಲು ಅಂದ, ಆದರೆ ಕೊರಳೂ ಹೋಗುತ್ತದೆ. ಗಾಯ ದೊಡ್ಡದಾಗಿ ಕೊಳೆತ ಕಾಂಡಕ್ಕೆ ಇಳಿಯುತ್ತದೆ. ಮೋಟು ಉಳಿಸಿದರೂ ಅದು ಒಣಗಿ ಕೊಳೆಯುತ್ತದೆ. ಕೊರಳಿನ ಹೊರ ಅಂಚಿನಲ್ಲಿ ಕೊಯ್ಯುವುದು ಸರಿಯಾದ ಕ್ರಮ.

ಇನ್ನು ಕೊಂಬೆ ಸಿಗಿಯುವ ವಿಚಾರ. ಕೊಂಬೆಯೆಂದರೆ ಒಂದು ತುದಿಯಲ್ಲಿ ಬಿಗಿದ ತೊಲೆ. ಅದರ ಮೇಲ್ಭಾಗ ಎಳೆತದಲ್ಲಿಯೂ ಕೆಳಭಾಗ ಒತ್ತಡದಲ್ಲಿಯೂ ಇರುತ್ತದೆ. ಮೇಲಿನಿಂದ ಕೊಯ್ಯುತ್ತ ಹೋದಂತೆ ಉಳಿದ ದಪ್ಪದ ವರ್ಗಕ್ಕೆ ವಿಲೋಮವಾಗಿ ಪೀಡನ ಏರುತ್ತದೆ. ಅರ್ಧ ದಪ್ಪ ಉಳಿದಾಗ ಸುಮಾರು ನಾಲ್ಕು ಪಟ್ಟು. ಆಗ ಕೊಂಬೆ ತಟ್ಟನೆ ಮುರಿದು, ಕೆಳಗಿನ ತೊಗಟೆಯನ್ನು ಕಾಂಡದುದ್ದಕ್ಕೂ ಸುಲಿದುಕೊಂಡು ಬೀಳುತ್ತದೆ. ಇದಕ್ಕೆ ಪರಿಹಾರ ಮೂರು ಕೊಯ್ತಗಳ ವಿಧಾನ. ಕಾಂಡದಿಂದ ಒಂದು ಅಡಿಯಷ್ಟು ದೂರದಲ್ಲಿ ಮೊದಲು ಕೆಳಗಿನಿಂದ ಕಾಲು ಭಾಗ. ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಪೂರ್ತಿ. ಭಾರ ಇಳಿದ ಮೇಲೆ ಉಳಿದ ಮೋಟನ್ನು ಕೊರಳಿನ ಅಂಚಿನಲ್ಲಿ. ಕೆಳಗಿನ ಕೊಯ್ತ ಹೆಚ್ಚು ಆಳವಾದರೆ ಒತ್ತಡದಲ್ಲಿರುವ ಸೀಳು ಮುಚ್ಚಿಕೊಂಡು ಬಾರ್ ಸಿಕ್ಕಿಹಾಕಿಕೊಳ್ಳುತ್ತದೆ. ಬಾರ್‌ನ ಮೇಲಂಚಿನಿಂದ ಕೊಯ್ಯುವಾಗ ಗರಗಸ ನಮ್ಮ ಕಡೆಗೆ ತಳ್ಳುತ್ತದೆ ಎಂಬುದೂ ನೆನಪಿರಲಿ.

ಸಾಧನ ಸುಲಭವಾದಾಗ ಅಗತ್ಯಕ್ಕಿಂತ ಹೆಚ್ಚು ಕೊಯ್ಯುವ ಪ್ರವೃತ್ತಿ ಬರುತ್ತದೆ. ಕೈಗರಗಸದಲ್ಲಿ ಐದು ಕೊಂಬೆ ಕೊಯ್ಯುವಷ್ಟರಲ್ಲಿ ತೋಳು ಸೋತು, ನಿಂತು ಮರವನ್ನು ನೋಡುತ್ತೇವೆ. ಮೋಟಾರಿಗೆ ಆ ಬಿಡುವಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಮರ ಕಡಿಯುವುದು ಎಂಬುದರ ವ್ಯಾಖ್ಯೆಯಲ್ಲಿ ಕೊಂಬೆ ಸವರುವುದನ್ನೂ ತಲೆ ಕಡಿಯುವುದನ್ನೂ ಸೇರಿಸಿದೆ ಎಂಬುದನ್ನು ಬಹಳ ಜನ ಅರಿಯರು. ರಸ್ತೆಬದಿಯ ಅಥವಾ ಶಾಲಾ ಆವರಣದ ಮರಕ್ಕೆ ಕೈ ಹಚ್ಚುವ ಮೊದಲು ವೃಕ್ಷಾಧಿಕಾರಿಯನ್ನು ವಿಚಾರಿಸುವುದು ಕ್ಷೇಮ.

ಯಾರಿಗೆ, ಯಾವಾಗ?

2 ಸೆಂಟಿಮೀಟರಿಗಿಂತ ಸಣ್ಣ ರೆಂಬೆಗೆ ಕೈಯ ಸೆಕೆಟರ್ ಕತ್ತರಿಯೇ ಉತ್ತಮ. ಅದು ಮರದ ಪುಡಿ ಮಾಡದೆ ನಾರನ್ನು ಕತ್ತರಿಸುವುದರಿಂದ ಗಾಯ ನುಣುಪು. ಅಲ್ಲಿಂದ 7 ಸೆಂಟಿಮೀಟರ್‌ವರೆಗೆ, ಅದೂ ಹತ್ತಾರು ಕೊಂಬೆಗಳಿದ್ದರೆ, ಕಿರು ಚೈನ್ ಗರಗಸ ಸಾರ್ಥಕ. ವರ್ಷಕ್ಕೆ ನಾಲ್ಕೈದು ಕೊಂಬೆ ಸವರುವ ಮನೆಗೆ ಹರಿತವಾದ ಬಾಗಿದ ಕೈಗರಗಸವೇ ಸಾಕು. 5 ಸೆಂಟಿಮೀಟರ್ ಕೊಂಬೆಗೆ ಅದು ಅರ್ಧ ನಿಮಿಷಕ್ಕಿಂತ ಹೆಚ್ಚು ಕೇಳುವುದಿಲ್ಲ. ಅದರ ಸೀಳು ಸುಮಾರು 2 ಮಿಲಿಮೀಟರ್. ಚೈನ್ ಗರಗಸದ್ದು 4-5 ಮಿಲಿಮೀಟರ್. ಅಂದರೆ ಅದೇ ಕೊಂಬೆಗೆ ಯಂತ್ರ ಎರಡು ಪಟ್ಟಿಗಿಂತ ಹೆಚ್ಚು ಮರವನ್ನು ಪುಡಿ ಮಾಡುತ್ತದೆ. ದಿನವಿಡೀ ಮರಗಸಿ ಮಾಡುವವರಿಗೆ ಒಂದು ಬ್ಯಾಟರಿಯಂತೂ ಸಾಲದು.

ಕೊಳ್ಳುವವರು ಇಷ್ಟನ್ನು ನೋಡಬೇಕು. ವ್ಯಾಟ್-ಅವರ್ ಬರೆದಿದೆಯೆ? ಆಕಸ್ಮಿಕವಾಗಿ ಚಾಲೂ ಆಗದಂತೆ ಎರಡನೆಯ ಗುಂಡಿ ಇದೆಯೆ? ಸರಪಳಿಯ ಮೇಲೆ ರಕ್ಷಾಕವಚ ಇದೆಯೆ? ಬದಲಿ ಸರಪಳಿ ಸಿಗುತ್ತದೆಯೆ? ಚಿಕ್ಕ ಮಾದರಿಗಳಲ್ಲಿ ಎಣ್ಣೆ ತಾನಾಗಿ ಹರಿಯದಿರಬಹುದು. ಆಗಾಗ ಕೈಯಿಂದ ಹಾಕದಿದ್ದರೆ ಘರ್ಷಣೆಯೇ ಬ್ಯಾಟರಿಯನ್ನು ತಿನ್ನುತ್ತದೆ. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು, ನೆಲದ ಮೇಲೆ ಗಟ್ಟಿ ನಿಲುವು, ಗರಗಸದ ಮೇಲೆ ಎರಡೂ ಕೈ. ಸರಪಳಿ ಮುಟ್ಟುವ ಮೊದಲು ಬ್ಯಾಟರಿ ಹೊರಗೆ. ಇವು ಕೈಪಿಡಿಯಲ್ಲಿ ಇರುತ್ತವೆ. ಆದರೆ ನಮ್ಮ ಪೇಟೆಯಲ್ಲಿ ಕನ್ನಡದ ಕೈಪಿಡಿ ಅಪರೂಪ. ಘೋಷಣೆಯನ್ನು ದಪ್ಪಕ್ಷರದಲ್ಲಿ ಮುದ್ರಿಸುವವರು ಎಚ್ಚರಿಕೆಯನ್ನು ಬಳಸುವವನ ಭಾಷೆಯಲ್ಲಿ ಮುದ್ರಿಸಬೇಕೆಂದು ಒತ್ತಾಯಿಸುವುದು ನ್ಯಾಯ.

ಈ ಗರಗಸವನ್ನು ವಿದ್ಯಾರ್ಥಿಗಳ ಕೈಗೆ ಕೊಡಬಾರದು, ಆದರೆ ಅದರ ಡಬ್ಬಿಯನ್ನು ತರಗತಿಗೆ ತರಬಹುದು. ಚಾರ್ಜರಿನ ಚೀಟಿಯಿಂದ ಕೋಶಗಳ ಸಂಖ್ಯೆ, ಕೋಶಗಳಿಂದ ವ್ಯಾಟ್-ಅವರ್, ಅದರಿಂದ ಜೂಲ್, ಜೂಲಿನಿಂದ ನಿಮಿಷ ಹೀಗೆ ಒಂದು ಪಾಠದ ಅವಧಿಗೆ ಸಾಕಾಗುವ ಲೆಕ್ಕ ಸಿಗುತ್ತದೆ. ಶಿಕ್ಷಕರೇ ಒಣ ಕೊಂಬೆಯೊಂದನ್ನು ಕೈಗರಗಸದಿಂದ ಕೊಯ್ದು ಪುಡಿಯನ್ನು ಕಾಗದದ ಮೇಲೆ ಹಿಡಿದು ತೂಗಿಸಲಿ. ಆ ತೂಕವನ್ನು ಮರದ ಸಾಂದ್ರತೆಯಿಂದಲೂ ಕೊಯ್ದ ಮುಖದ ವಿಸ್ತೀರ್ಣದಿಂದಲೂ ಭಾಗಿಸಿದರೆ ಸೀಳಿನ ಅಗಲ ಬರುತ್ತದೆ. ಅಳತೆಪಟ್ಟಿಯಿಂದ ನೇರವಾಗಿ ಅಳೆದ ಅಗಲದೊಡನೆ ಅದನ್ನು ಹೋಲಿಸಿ, ವ್ಯತ್ಯಾಸವಿದ್ದರೆ ಏಕೆಂದು ವಿದ್ಯಾರ್ಥಿಗಳನ್ನೇ ಕೇಳಿ.